ಅಣ್ಣನ ತಟ್ಟೆಗಳು, ನನ್ನ ಕುದಿನೀರು

ದಿನಾಂಕ: 1996ರ ಡಿಸೆಂಬರ್ ಹತ್ತು, ಮಂಗಳವಾರ. ವೇಳೆ: ಬೆಳಗಿನ ಆರು ಗಂಟೆ ಹತ್ತು ನಿಮಿಷ. ಸ್ಥಳ: ಮಸ್ಕಿಯಲ್ಲಿ ನಮ್ಮ ಮನೆಯ ಅಡುಗೆಮನೆ. ಹಾಜರಿದ್ದವರು: ನಾನು, ನನ್ನ ಅತ್ತಿಗೆ ಮತ್ತು ಒಲೆಯ ಮೇಲೆ ಕುದಿಯುತ್ತಿದ್ದ ದೊಡ್ಡ ಪಾತೇಲಿ. ಅಣ್ಣ ಹಿತ್ತಲಲ್ಲಿ ಹಲ್ಲು ತಿಕ್ಕುತ್ತಿದ್ದ.

ಆಸ್ಪತ್ರೆಯ ವರದಿ ಪುಸ್ತಕದ ಹಾಗಿದೆ ಎಂದು ನಗಬೇಡಿ. ಮೂವತ್ತು ವರ್ಷ ನರ್ಸ್ ಆಗಿ ದುಡಿದವಳಿಗೆ ಹೇಳಲು ಬೇರೆ ದಾರಿ ಗೊತ್ತಿಲ್ಲ. ಸೋಮವಾರ ಹಾಸಿಗೆಬಟ್ಟೆ, ಮಂಗಳವಾರ ಗಾಜಿನ ಸಾಮಾನು, ಬುಧವಾರ ಉಗುರು. ನಮ್ಮ ಮನೆಯಲ್ಲಿ ಎಲ್ಲಕ್ಕೂ ಒಂದು ವಾರವಿತ್ತು. ಮಂಗಳವಾರ ಮನೆಯಲ್ಲಿರುವ ಗಾಜೆಲ್ಲ ಇಪ್ಪತ್ತು ನಿಮಿಷ ಕುದಿಯಬೇಕು. ಆ ದಿನವೂ ಕುದಿಯುತ್ತಿತ್ತು. ಕತ್ತಲಾಗುವುದರೊಳಗೆ ನನ್ನ ಅಣ್ಣ ಉಳಿಯುತ್ತಾನೋ ಇಲ್ಲವೋ ಎಂದು ಗಡಿಯಾರ ಹಿಡಿದು ಕೂರಬೇಕಾಗುತ್ತದೆ ಎಂಬುದು ಆ ಹೊತ್ತಿಗೆ ಪಾತೇಲಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇಪ್ಪತ್ತು ನಿಮಿಷವಿದೆ. ಅಷ್ಟರಲ್ಲಿ ಅಣ್ಣನ ಪರಿಚಯ ಮಾಡಿಬಿಡುತ್ತೇನೆ.

ನನ್ನ ಅಣ್ಣನಿಗೆ ಯಾರ ಮುಖವೂ ನೆನಪಿರುತ್ತಿರಲಿಲ್ಲ. ವಸಡು ಮಾತ್ರ ಮರೆಯುತ್ತಿರಲಿಲ್ಲ! ಮಸ್ಕಿಯ ಬಜಾರಿನಲ್ಲಿ ಯಾರಾದರೂ "ನಮಸ್ಕಾರ್ರೀ ಸರ್" ಎಂದರೆ ಕಂಬದ ಹಾಗೆ ನಿಂತು ನೋಡುತ್ತಿದ್ದ. ಆಮೇಲೆ, "ಸ್ವಲ್ಪ ನಗ್ರಿ" ಎನ್ನುತ್ತಿದ್ದ. ಪಾಪ, ಆ ಮನುಷ್ಯ ಗೊಂದಲದಲ್ಲೇ ನಗುತ್ತಿದ್ದ. ತಕ್ಷಣ ಅಣ್ಣನ ಮುಖದಲ್ಲಿ ಬೆಳಕು! "ಹಾಂ, ಮುದಗಲ್ ಬಾಂಡೆ ಅಂಗಡಿಯವ್ರು! ಬಲಗಡೆ ಮ್ಯಾಲಿನ ಸಾಲು, ಮುಟ್ಟಿದ್ರ ರಕ್ತ! ಹೆಂಗದೀರಿ?"

ಲಿಂಗಸುಗೂರಿನ ಒಂದು ಆಸ್ಪತ್ರೆಯಲ್ಲಿ ಅವನು ಲ್ಯಾಬ್ ಟೆಕ್ನೀಷಿಯನ್. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದ. ದಿನವಿಡೀ ಕಫ, ರಕ್ತ, ಮೂತ್ರ ನೋಡಿದವನಿಗೆ ಮನೆಗೆ ಬಂದ ಮೇಲಾದರೂ ಬೇರೆ ಏನಾದರೂ ನೋಡಬೇಕು ಎನಿಸಬೇಕಲ್ಲ? ಇಲ್ಲ! ಮನೆಯಲ್ಲಿ ಎರಡನೇ ಲ್ಯಾಬು. ಮಿಠಾಯಿಗೆ ಹಾಕುವ ಚೈನಾ ಗ್ರಾಸು, ಮಾಂಸದ ಸಾರು, ಟಗರಿನ ರಕ್ತ, ಇಷ್ಟನ್ನು ಕೂಡಿಸಿ ಕಾಸಿ ಗಾಜಿನ ತಟ್ಟೆಗೆ ಹೊಯ್ದರೆ ರೋಗಾಣುಗಳಿಗೆ ಊಟ ಸಿದ್ಧ. ಅದರ ಮೇಲೆ ಯಾರದಾದರೂ ವಸಡು ಒರೆಸಿದ ಹತ್ತಿಕಡ್ಡಿಯನ್ನು ಎಳೆಯುತ್ತಿದ್ದ. ಈ ರೋಗಾಣುಗಳಿಗೆ ಗಾಳಿ ಆಗಿಬರುವುದಿಲ್ಲವಂತೆ. ಅದಕ್ಕೆ ತಟ್ಟೆಗಳನ್ನು ಬಿಸ್ಕೀಟಿನ ಡಬ್ಬಿಯಲ್ಲಿಟ್ಟು, ಒಳಗೆ ಮೇಣದ ಬತ್ತಿ ಹಚ್ಚಿ, ಇನ್ನೂ ಏನೇನೋ ಸೇರಿಸಿ, ಮುಚ್ಚಳಕ್ಕೆ ಮೇಣ ಬಳಿಯುತ್ತಿದ್ದ. ವಾರ ಹತ್ತು ದಿನಕ್ಕೆ ಡಬ್ಬಿ ತೆರೆದರೆ ಕೆಂಪು ತಟ್ಟೆಯ ಮೇಲೆ ಸಾಸಿವೆಯಂಥ ಕರಿ ಚುಕ್ಕಿಗಳು. ವಾಸನೆಯ ವಿಷಯ ಕೇಳಬೇಡಿ. ಬಾಡಿಗೆಗೆಂದು ಬಂದ ಮೂರು ಕುಟುಂಬಗಳು ನಮ್ಮ ಹಿಂದಿನ ಕೋಣೆಯನ್ನು ಬಾಗಿಲಲ್ಲೇ ನೋಡಿ ಹೋದವು!

ಆ ಟಗರಿನ ರಕ್ತದ್ದೇ ಒಂದು ಕಥೆ. ರಕ್ತ ಹೆಪ್ಪುಗಟ್ಟಬಾರದೆಂದರೆ ಬಾಟಲಿಯಲ್ಲಿ ಗಾಜಿನ ಗೋಲಿ ಹಾಕಿ ಬಿಡದೆ ಅಲ್ಲಾಡಿಸಬೇಕು. ಲಿಂಗಸುಗೂರಿನಲ್ಲಿ ಮಾಂಸದಂಗಡಿಯಿಂದ ರಕ್ತ ತುಂಬಿಕೊಂಡು ನೇರ ಬಸ್ಸು ಹತ್ತುತ್ತಿದ್ದ ಅಣ್ಣ, ಮಸ್ಕಿಯವರೆಗೂ ಗಟರ್ ಗಟರ್ ಎಂದು ಅಲ್ಲಾಡಿಸುತ್ತ ಕೂರುತ್ತಿದ್ದ. ಮೊದಲ ದಿನ ಕಂಡಕ್ಟರ್ ಕೇಳಿದ್ದಾನೆ:

"ಏನ್ರೀ ಸರ್ ಅದು, ಶರಬತ್ತೇನು?"

"ರಕ್ತ."

"ಯಾರ್ದು?"

ಅಣ್ಣನಿಗೆ ಪ್ರಶ್ನೆಯ ಆಳ ತಿಳಿಯಲಿಲ್ಲ. "ಹೆಸರು ಗೊತ್ತಿಲ್ಲ, ಮಧ್ಯಾಹ್ನದಾಗ ಕಡದ್ರು" ಎಂದ.

ಅಂದಿನಿಂದ ಮೂರು ಜನರ ಸೀಟಿನಲ್ಲಿ ಅಣ್ಣನೊಬ್ಬನೇ. ಹಬ್ಬದ ರಶ್ಶಿನಲ್ಲೂ ಅವನ ಪಕ್ಕ ಯಾರೂ ಕೂರಲಿಲ್ಲ. ಆ ದಾರಿಯ ಬಸ್ಸುಗಳಲ್ಲಿ ಅವನ ಹೆಸರು 'ರಕ್ತದ ಸರ್' ಎಂದಾಯಿತು.

ನಮ್ಮ ಚಿಕ್ಕಪ್ಪನ ಮಗಳಿಗೆ ವರ ಬಂದಾಗ ಏನಾಯಿತು ಗೊತ್ತೇ? ಸಾಲಗುಂದದವರು. ಹುಡುಗ ನೌಕರಿಯಲ್ಲಿದ್ದ. ಉಪ್ಪಿಟ್ಟು ಮುಗಿದು ಮಾತು ಶುರುವಾಗಬೇಕು, ಅಣ್ಣ ಟಾರ್ಚು ಹಿಡಿದು ವರನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. "ಆ ಅನ್ನಪ್ಪ."

ಹುಡುಗನ ತಂದೆ ಎದ್ದು ನಿಂತರು. "ಏನ್ರೀ ಇದು, ನಾವೇನು ಎತ್ತು ಮಾರಾಕ ಬಂದೀವೇನು? ಹಲ್ಲು ನೋಡಾಕತ್ತೀರಿ!"

"ಹಲ್ಲಲ್ರೀ, ವಸಡು. ಎತ್ತಿಗೆ ಹಲ್ಲು ನೋಡಿದ್ರ ಸಾಕು."

ಸಂಬಂಧ ಅಲ್ಲಿಗೇ ಮುರಿಯಿತು. ಆದರೆ ಮೂರು ತಿಂಗಳಿಗೆ ಅದೇ ತಂದೆ ಕೆನ್ನೆ ಊದಿಸಿಕೊಂಡು ನಮ್ಮ ಬಾಗಿಲಿಗೆ ಬಂದು, "ಸರ್ ಅದಾರೇನ್ರೀ?" ಎಂದರು. ಮದುವೆಯೂ ಆಯಿತೆನ್ನಿ!

ಇದೆಲ್ಲ ಯಾಕೆ? ನಗೆಯ ಕೆಳಗೆ ಒಂದು ಕಾರಣವಿತ್ತು. ನಮ್ಮಪ್ಪ ಕಾಲುವೆಯಲ್ಲಿ ನೀರು ಬಿಡುವ ಕೆಲಸದವನು. ಐವತ್ತೆರಡನೇ ವಯಸ್ಸಿಗೆ, ಹಾಡಹಗಲು, ತೂಬಿನ ಕಟ್ಟೆಯ ಮೇಲೆ ಎದೆ ಹಿಡಿದು ಕುಳಿತವನು ಏಳಲಿಲ್ಲ. ಅವನ ಹಲ್ಲೆಲ್ಲ ಅಲ್ಲಾಡುತ್ತಿದ್ದವು. ವಸಡಿನಲ್ಲಿ ಸದಾ ರಕ್ತ. ಬಾಯಿಗೂ ಎದೆಗೂ ಏನೋ ನಂಟಿದೆ ಎಂಬುದು ಆಗಲೇ ಅಣ್ಣನ ತಲೆಯಲ್ಲಿ ಕೂತಿತು. ಎಂಬತ್ತರ ದಶಕದ ಕೊನೆಗೆ ಡಾಕ್ಟರ ಕೋಣೆಯಲ್ಲಿ ಬಿದ್ದಿದ್ದ ವೈದ್ಯಕೀಯ ಪತ್ರಿಕೆಗಳಲ್ಲಿ ಅಂಥದೇ ಮಾತು ಕಂಡಿತಂತೆ. ಅಂದಿನಿಂದ ಅವನನ್ನು ಹಿಡಿಯುವವರೇ ಇಲ್ಲ.

ಆದರೆ ವಸಡಿನ ರೋಗಾಣು ಎಷ್ಟೋ ಜನರ ಬಾಯಲ್ಲಿರುತ್ತದೆ. ಎಲ್ಲರೂ ಎದೆ ಹಿಡಿದು ಬೀಳುವುದಿಲ್ಲವಲ್ಲ? ಇದಕ್ಕೂ ಅವನ ಬಳಿ ಉತ್ತರವಿತ್ತು. ರೋಗಾಣುವಿನ ಹೆಸರು ಒಂದೇ, ಆದರೆ ವಂಶವಾಹಿಯಲ್ಲಿ ಅಷ್ಟಿಷ್ಟು ವ್ಯತ್ಯಾಸ. ಮೈಮೇಲಿನ ಕೂದಲಿನಂಥ ಎಳೆಗಳು ಒಂದು ತಳಿಗೆ ಒಂದು ಬಗೆ, ಇನ್ನೊಂದಕ್ಕೆ ಇನ್ನೊಂದು ಬಗೆ. ಒಂದು ಬಾಯಲ್ಲೇ ಬಿದ್ದಿರುತ್ತದೆ. ಇನ್ನೊಂದು ಗಟ್ಟಿಯಾಗಿ ಕಚ್ಚಿ ಹಿಡಿದು, ವಸಡಿನಿಂದ ರಕ್ತಕ್ಕಿಳಿದು, ಹೃದಯದ ರಕ್ತನಾಳದ ಗೋಡೆಯಲ್ಲಿ ಮನೆ ಮಾಡಿಕೊಳ್ಳಬಹುದು. ಬಹುದು! ಈ 'ಬಹುದು' ಎಂಬ ಮಾತನ್ನು ಅಣ್ಣ ಯಾವಾಗಲೂ ನುಂಗಿಬಿಡುತ್ತಿದ್ದ. ಸೇರಿಸುವ ಕೆಲಸ ನನ್ನದು.

ಮುಕ್ಕುಂದದ ಒಬ್ಬ ಭತ್ತದ ರೈತನಿಗೆ ಅವನು ತಿಳಿಸಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ನೋಡಪ್ಪ, ಎರಡು ಗದ್ದ್ಯಾಗೂ ಭತ್ತನs. ಒಂದು ಗಾಳಿಗೆ ಮಲಗತೈತಿ, ಒಂದು ನಿಲ್ಲತೈತಿ. ಯಾಕ?"

"ಬೀಜದಾಗ ಫರಕ್ ಇರತೈತ್ರಿ."

"ಬರೋಬ್ಬರಿ! ಹುಳದಾಗೂ ಹಂಗs."

ರೈತ ತನ್ನ ಬಾಯಿಯನ್ನು ನಾಲಿಗೆಯಿಂದ ಒಮ್ಮೆ ಸುತ್ತು ಹಾಕಿಬಂದ. "ಹಂಗಾದ್ರ ಸರ, ಒಳ್ಳೆ ತಳಿ ಇಟ್ಟು ಕೆಟ್ಟದ್ದು ಕಳೆ ಕಿತ್ತಂಗ ಕಿತ್ತೊಗಿರಲ್ಲ, ಎಷ್ಟು ಆಳು ಬೇಕ್ರಿ?"

ಬೇಕಾಗಿದ್ದುದು ಆಳಲ್ಲ, ವಂಶವಾಹಿ ಓದುವ ಯಂತ್ರ. ಅದು ಲಿಂಗಸುಗೂರಿನಲ್ಲಿ ಇರಲಿಲ್ಲ. ಹೈದರಾಬಾದಿನ ಒಂದು ಕಾಲೇಜಿನ ಮೇಡಂ ಒಬ್ಬರಿಗೆ ಅಣ್ಣ ಒಂದರ ಮೇಲೊಂದು ಕಾಗದ ಬರೆದ. ಅವರೂ ಅವನಷ್ಟೇ ಹಟದವರಿರಬೇಕು; "ನಿಮ್ಮ ತಟ್ಟೆಗಳನ್ನು ಕಳುಹಿಸಿ, ತಳಿ ಯಾವುದೆಂದು ನೋಡೋಣ. ಆಗದಿದ್ದರೆ ವಸಡು ಒರೆಸಿದ ಕಡ್ಡಿಯಾದರೂ ಸಾಕು" ಎಂದು ಬರೆದರು. ಆ ಮಂಗಳವಾರ ಸಂಜೆ ಸಿಂಧನೂರಿನಿಂದ ಹೈದರಾಬಾದ್ ಬಸ್ಸು ಹಿಡಿದು ತಾನೇ ಒಯ್ಯುವುದೆಂದು ಅಣ್ಣ ಮುಹೂರ್ತವಿಟ್ಟಿದ್ದ. ರಾತ್ರಿಯೇ ಒಂಬತ್ತು ತಟ್ಟೆಗಳನ್ನು ಡಬ್ಬಿಯಿಂದ ತೆಗೆದು, ಬಿಗಿಯಾಗಿ ಟೇಪು ಸುತ್ತಿ, ಬೆಳಿಗ್ಗೆ ಕಟ್ಟಿದರಾಯಿತೆಂದು ಒಂದು ಬೋಗುಣಿಯಲ್ಲಿ ಸಾಲಾಗಿಟ್ಟು ಒದ್ದೆ ಬಟ್ಟೆ ಮುಚ್ಚಿದ್ದ.

ಬೋಗುಣಿಯಲ್ಲಿ ಗಾಜು. ಮೇಲೆ ಒದ್ದೆ ಬಟ್ಟೆ. ಕೆಲಸ ಮುಗಿದ ತಟ್ಟೆಗಳನ್ನು ಕುದಿಸಲೆಂದು ಅವನು ಇಡುತ್ತಿದ್ದದ್ದೂ ಹೀಗೆಯೇ. ವಾರ, ಮಂಗಳವಾರ.

ಇಪ್ಪತ್ತು ನಿಮಿಷ ಮುಗಿಯಿತು. ಪಾತೇಲಿಯ ಕಡೆ ಬರೋಣ.

ಆರೂವರೆಗೆ ಅಣ್ಣ ಹಿತ್ತಲಿಂದ ಒಳಗೆ ಬಂದ. ನಾನು ಚಿಮಟದಿಂದ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಬಿಳಿ ಬಟ್ಟೆಯ ಮೇಲೆ ಜೋಡಿಸುತ್ತಿದ್ದೆ. ಫಳಫಳ ಹೊಳೆಯುತ್ತಿದ್ದವು. ಅವನು ಬಾಗಿಲಲ್ಲೇ ನಿಂತ.

"ಏನ್ ಮಾಡಾಕತ್ತಿ?"

"ಮಂಗಳವಾರ" ಎಂದೆ. ನಮ್ಮ ಮನೆಯಲ್ಲಿ ಅದು ಪೂರ್ತಿ ಉತ್ತರ.

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು! ಅವನು ಮೆಲ್ಲಗೆ ಕೇಳಿದ, "ಏಳನೇದೂ ಕುದಿಸಿದ್ಯಾ?"

"ಎಲ್ಲಾ ಕುದಿಸೀನಿ. ಟೇಪು ಕೀಳಾಕ ಭಾಳ ತ್ರಾಸಾತು ನೋಡು."

ಅಷ್ಟು ಹೇಳಿದ ಮೇಲೆ ನನಗೆ ತಿಳಿಯಿತು. ಚಿಮಟ ಕೈಯಲ್ಲೇ ಉಳಿಯಿತು. ಅಣ್ಣ ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿ ಕುಳಿತ. ಅಂಗೈಯನ್ನು ಎದೆಯ ನಡುವೆ ಒತ್ತಿಕೊಂಡಿದ್ದ. ಹಣೆಯ ಮೇಲೆ ಬೆವರು, ಡಿಸೆಂಬರಿನ ಚಳಿಯಲ್ಲಿ!

ಅತ್ತಿಗೆ ಓಡಿಬಂದಳು. "ಏನಾತ್ರೀ? ಎದಿ ನೋಯಾಕತ್ತೈತೇನು?"

"ಏನಿಲ್ಲ, ಗ್ಯಾಸು."

ಮೂವತ್ತು ವರ್ಷದಲ್ಲಿ ನಾನು ಎಷ್ಟು 'ಗ್ಯಾಸು'ಗಳನ್ನು ನೋಡಿಲ್ಲ! ನಾಡಿ ಹಿಡಿದೆ. ನಿಮಿಷಕ್ಕೆ ನೂರಾ ಎಂಟು. ನೋವು ಎಡಗೈಗೆ ಇಳಿದಿತ್ತು. ಅಣ್ಣನಿಗೆ ಆಗ ಐವತ್ತೊಂದು ವರ್ಷ ಹನ್ನೊಂದು ತಿಂಗಳು. ಅಪ್ಪನ ಲೆಕ್ಕ ಮನಸ್ಸಿಗೆ ಬರಬಾರದೆಂದರೂ ಬಂತು. ನಾನು ತಟ್ಟೆ ಕುದಿಸಿದ್ದಕ್ಕೇ ಹೀಗಾಯಿತು ಎಂಬುದೂ ಜೊತೆಗೇ ಬಂತು. ಆದರೆ ಮನಸ್ಸಿನ ಕೆಲಸಕ್ಕೆ ಆಮೇಲೆ ವೇಳೆ ಸಿಗುತ್ತದೆ. ಆಸ್ಪಿರಿನ್ ಒಂದನ್ನು ಅಗಿಯಲು ಕೊಟ್ಟೆ. ಎದೆನೋವಿನ ಗುಳಿಗೆಗಳ ಸೀಸೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಇಸಿಜಿ ಯಂತ್ರ ಇದ್ದದ್ದು ಸಿಂಧನೂರಿನ ಒಂದು ನರ್ಸಿಂಗ್ ಹೋಮಿನಲ್ಲಿ. ಲಿಂಗಸುಗೂರಿನಿಂದ ಬಂದ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು. ಬೇರೆ ಗಾಡಿ ಹುಡುಕುತ್ತ ಕೂರುವಷ್ಟು ವೇಳೆ ನಮಗಿರಲಿಲ್ಲ.

ಏಳು ಗಂಟೆ ಐದು ನಿಮಿಷ. ಬಸ್ಸು ಭರ್ತಿಯಾಗಿತ್ತು. ಕಂಡಕ್ಟರ್ ಅಣ್ಣನ ಮುಖ ನೋಡಿದವನೇ, "ಏ ಏಳ್ರಿ ಏಳ್ರಿ, ರಕ್ತದ ಸರ್ ಬಂದಾರ!" ಎಂದು ಕೂಗಿದ. ಅವತ್ತು ಅಣ್ಣನ ಕೈಯಲ್ಲಿ ಬಾಟಲಿ ಇರಲಿಲ್ಲ. ಆದರೂ ಮೂರು ಜನ ಎದ್ದು ಸೀಟು ಬಿಟ್ಟರು. ಅವನನ್ನು ಒರಗಿಸಿ, ನಾನು ಒಂದು ಕಡೆ, ಅತ್ತಿಗೆ ಒಂದು ಕಡೆ ಕುಳಿತೆವು. ಅತ್ತಿಗೆಯ ಮಡಿಲಲ್ಲಿ ಅಣ್ಣನ ಚೀಲ. ಅದನ್ನು ಬಿಟ್ಟು ಬಾಗಿಲು ದಾಟುವುದಿಲ್ಲ ಎಂದು ಹಟ ಹಿಡಿದಿದ್ದ.

"ಡ್ರೈವರ್ ಸಾಹೇಬ್ರ, ಎಲ್ಲೂ ನಿಲ್ಲಸಬ್ಯಾಡ್ರಿ! ಸೀದಾ ಸಿಂಧನೂರು!" ಎಂದು ಕಂಡಕ್ಟರ್ ಮತ್ತೆ ಕೂಗಿದ.

ಹಿಂದಿನಿಂದ ಒಬ್ಬ ಮುದುಕ, "ನಂದು ನಡುವಿನ ಊರೈತೋ ತಮ್ಮ" ಎಂದ. ಕಂಡಕ್ಟರ್ ತಿರುಗಿ ನೋಡಿದ. ಮುದುಕ ಅಣ್ಣನ ಕಡೆ ನೋಡಿ, "ಇರ್ಲಿ ನಡೀರಿ, ವಾಪಸ್ ನಡಕೊಂತ ಬರ್ತೀನಿ" ಎಂದ.

ಹದಿನೈದು ನಿಮಿಷಕ್ಕೊಮ್ಮೆ ನಾಡಿ. ನೂರಾ ಹತ್ತು. ನೂರಾ ಹನ್ನೆರಡು, ನಡುನಡುವೆ ಒಂದು ತಪ್ಪುತ್ತಿದೆ. ನಾಲಿಗೆಯ ಕೆಳಗಿಟ್ಟ ಮೊದಲ ಗುಳಿಗೆಗೆ ನೋವು ಇಳಿಯಲಿಲ್ಲ. ಎರಡನೆಯದನ್ನು ತೆಗೆದು, "ಅಣ್ಣ, ಬಾಯಿ ತೆಗಿ, ನಾಲಿಗಿ ಎತ್ತು" ಎಂದೆ.

ಅವನು ಅಂಗಿಯ ಜೇಬಿನಿಂದ ಕಾಗದ ಸುತ್ತಿದ ಹತ್ತಿಕಡ್ಡಿ ತೆಗೆದ. ಅದನ್ನು ನನ್ನ ಮುಖದ ಮುಂದೆ ಹಿಡಿದು, "ಮೊದ್ಲು ನೀ ಬಾಯಿ ತೆಗಿ" ಎಂದ!

"ಹುಚ್ಚು ಹಿಡದೈತೇನು ನಿನಗ? ಎದಿ ಹಿಡಕೊಂಡು ಕುಂತೀದಿ, ನನ್ನ ವಸಡು ಒರಸ್ತೀಯೇನು?"

"ತಟ್ಟಿ ಹೋತಲ್ಲ. ಕಡ್ಡಿನಾರ ಕಳಸಬೇಕು. ಇವತ್ತs ಹೋಗಬೇಕು."

"ನಾಲಿಗಿ ಎತ್ತು!"

"ನೀ ಆ ಅನ್ನು!"

ನೋಡಿ, ಏಳು ವರ್ಷದಿಂದ ಮಸ್ಕಿಯ ಅರ್ಧ ಊರು ಅವನ ಮುಂದೆ ಬಾಯಿ ತೆರೆದಿತ್ತು. ನಾನು ಮಾತ್ರ ತೆರೆದಿರಲಿಲ್ಲ. ನರ್ಸಿನ ಬಾಯಿ ಪರೀಕ್ಷೆ ಮಾಡುವ ಧೈರ್ಯ ಯಾರಿಗಿದೆ! ಈಗ ತುಂಬಿದ ಬಸ್ಸಿನಲ್ಲಿ, ಅವನ ತುಟಿಯ ಮುಂದೆ ನನ್ನ ಗುಳಿಗೆ, ನನ್ನ ತುಟಿಯ ಮುಂದೆ ಅವನ ಕಡ್ಡಿ. ಇಬ್ಬರ ಬಾಯಿಯೂ ಭದ್ರ. ಅತ್ತಿಗೆ ಅಳುತ್ತಿದ್ದವಳು ಒಮ್ಮೆಲೇ ಸಿಡಿದಳು.

"ಅಣ್ಣ ತಂಗಿ ಕೂಡಿ ನನ್ನ ಕೊಲ್ಲಾಕತ್ತೀರಿ! ರೀ, ಗುಳಿಗಿ ತಗೋರಿ. ಇಲ್ಲಂದ್ರ ಈ ಚೀಲ ಕಾಲುವ್ಯಾಗ ಒಗಿತೀನಿ!"

ಬಸ್ಸು ಆಗಲೇ ಕಾಲುವೆಯ ಸೇತುವೆಯ ಮೇಲೆ ಏರುತ್ತಿತ್ತು. ಅಣ್ಣ ಬಾಯಿ ತೆರೆದ.

ಎಂಟು ಗಂಟೆ ಹತ್ತು ನಿಮಿಷಕ್ಕೆ ಸಿಂಧನೂರು. ಕಂಡಕ್ಟರನೇ ಅಣ್ಣನನ್ನು ಎತ್ತಿ ಇಳಿಸಿದ. ನರ್ಸಿಂಗ್ ಹೋಮಿನ ಡಾಕ್ಟರು ಚಿಕ್ಕ ವಯಸ್ಸಿನವರು. ಇಸಿಜಿ ಕಾಗದ ಯಂತ್ರದಿಂದ ಹೊರಬರುತ್ತಿದ್ದಂತೆ ಅವರಿಗಿಂತ ಮೊದಲು ನಾನು ಓದಿದೆ. ಓದಬಾರದಿತ್ತು ಎನಿಸಿತು. ಗೆರೆಗಳು ಎತ್ತರ ಎದ್ದಿದ್ದವು.

"ಹಾರ್ಟ್ ಅಟ್ಯಾಕs ಸಿಸ್ಟರ್" ಎಂದರು ಡಾಕ್ಟರು ತಗ್ಗಿದ ದನಿಯಲ್ಲಿ. "ವ್ಯಾಳ್ಯಾಕ್ಕ ಬಂದೀರಿ. ಹೆಪ್ಪು ಕರಗೋ ಔಷಧ ಹಾಕ್ತೀನಿ. ಸಂಜೀಮಟ ಏನೂ ಹೇಳಾಕ ಆಗಂಗಿಲ್ಲ."

ತಗ್ಗಿದ ದನಿ ಅಣ್ಣನಿಗೆ ಕೇಳಿಸಿತು. ಅವನು ಹೆದರುತ್ತಾನೆ ಎಂದುಕೊಂಡೆ. ಅವನಿಗೆ ಬಂದದ್ದು ಸಿಟ್ಟು! ಮಲಗಿದಲ್ಲೇ ತುಟಿ ಮೇಲೆತ್ತಿ ಡಾಕ್ಟರಿಗೆ ವಸಡು ತೋರಿಸಿದ. "ನೋಡ್ರಿ ಡಾಕ್ಟ್ರ! ಗುಲಾಬಿ ಹೂವಿನಂಗ ಐತಿ. ಒಂದು ಹನಿ ರಕ್ತ ಬರಂಗಿಲ್ಲ. ಇಂಥಾ ವಸಡು ಇಟ್ಕೊಂಡು ಅಟ್ಯಾಕ್ ಆಗತೈತಂದ್ರ ಈ ಹೃದಯಕ್ಕ ನಾಚಿಕಿ ಆಗಬೇಕು!"

"ಬೀಡಿ ಸೇದ್ತೀರೇನ್ರಿ?"

ಅಣ್ಣ ತುಟಿ ಕೆಳಗಿಳಿಸಿದ. ದಿನಕ್ಕೆ ಒಂದೂವರೆ ಕಟ್ಟು! ಕೇಳಿದರೆ, ಹೊಗೆಗೆ ಹುಳ ಸಾಯುತ್ತವೆ ಎಂಬ ಸಿದ್ಧಾಂತ ಬೇರೆ.

ಔಷಧ ಹನಿಹನಿಯಾಗಿ ಇಳಿಯತೊಡಗಿತು. ನಾನು ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತೆ. ಒಂಬತ್ತೂಕಾಲಿಗೆ ನಾಡಿ ಹಾರಿ ಹಾರಿ ಬಡಿಯಿತು. ಡಾಕ್ಟರು ಓಡಿಬಂದು ಒಂದು ಇಂಜೆಕ್ಷನ್ ಕೊಟ್ಟರು. ಹತ್ತೂವರೆಗೆ ರಕ್ತದೊತ್ತಡ ಕುಸಿಯಿತು. ಕಾಲ್ದೆಸೆಗೆ ಇಟ್ಟಿಗೆಯಿಟ್ಟು ಮಂಚ ಎತ್ತರಿಸಿದೆವು. ಅತ್ತಿಗೆ ಬಾಗಿಲ ಹೊರಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಳಿತಿದ್ದಳು. ನಾನು ಚೀಟಿಯಲ್ಲಿ ವೇಳೆ ಬರೆಯುತ್ತಿದ್ದೆ, ನಾಡಿ ಬರೆಯುತ್ತಿದ್ದೆ. ಅಕ್ಷರ ಒಂದೂ ಸೊಟ್ಟಗಾಗಲಿಲ್ಲ. ಬೇರೆಯವರ ಅಣ್ಣಂದಿರಿಗೆ ಬರೆದ ಹಾಗೆಯೇ ಬರೆದೆ. ಆದರೆ ಪ್ರತಿ ಸಾಲು ಬರೆದಾಗಲೂ ಕಣ್ಣ ಮುಂದೆ ಆ ತಟ್ಟೆಗಳು ಫಳಫಳ ಹೊಳೆಯುತ್ತಿದ್ದವು. ಏಳನೆಯದು ಅವನದೇ ಇರಬೇಕು ಎಂದುಕೊಂಡೆ. ಸಾಯುವ ಮೊದಲು ತನ್ನ ಬಾಯಲ್ಲಿದ್ದದ್ದು ಯಾವ ತಳಿ ಎಂದು ತಿಳಿಯುವ ಆಸೆ ಅವನಿಗಿತ್ತು. ಅದನ್ನೂ ನಾನು ಕುದಿಸಿಬಿಟ್ಟೆ.

ಮಧ್ಯಾಹ್ನ ಎರಡಕ್ಕೆ ನೋವು ನಿಂತಿತು. ನಾಲ್ಕಕ್ಕೆ ನಾಡಿ ಎಂಬತ್ತೆಂಟು, ಒಂದೂ ತಪ್ಪದೆ. ಐದೂವರೆಗೆ ಡಾಕ್ಟರು ಎರಡನೇ ಇಸಿಜಿ ತೆಗೆದು, ಎರಡೂ ಕಾಗದಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, "ಪಾರಾದ್ರಿ" ಎಂದರು. ಅತ್ತಿಗೆ ಅಲ್ಲೇ ನೆಲದ ಮೇಲೆ ಮಲಗಿ ನಿದ್ದೆ ಹೋದಳು. ಅಣ್ಣನೂ ಕಣ್ಣು ಮುಚ್ಚಿದ.

ನನಗೆ ಮಾಡಲು ಕೆಲಸ ಉಳಿಯಲಿಲ್ಲ. ಕೆಲಸವಿಲ್ಲದೆ ಕೂರುವುದು ನನಗೆ ಬರುವುದಿಲ್ಲ. ಅಣ್ಣನ ಚೀಲವನ್ನಾದರೂ ಒಪ್ಪ ಮಾಡೋಣವೆಂದು ತೆರೆದೆ. ಖಾಲಿ ಸೀಸೆಗಳು, ಹತ್ತಿಕಡ್ಡಿಗಳು, ಮೇಡಂ ಅವರ ಕಾಗದ ಮತ್ತು ಅವನ ರಟ್ಟಿನ ಪುಸ್ತಕ. ಕೊನೆಯ ಪುಟದಲ್ಲಿ ಒಂದರಿಂದ ಒಂಬತ್ತರವರೆಗೆ ಹೆಸರುಗಳಿದ್ದವು. ಬಾಂಡೆ ಅಂಗಡಿಯವರು, ಮುಕ್ಕುಂದದ ರೈತ, ಸಾಲಗುಂದದ ಬೀಗರು, ಕಂಡಕ್ಟರ್. ಅಣ್ಣನ ಹೆಸರು ಎಲ್ಲೂ ಇರಲಿಲ್ಲ. ಏಳರ ಮುಂದೆ ಹೀಗೆ ಬರೆದಿತ್ತು:

'ತಂಗಿ. ಎಡ ಕೆಳದವಡೆ. ಹಲ್ಲು ಕೀಳಿಸಿದ ದಿನ ಹಲ್ಲಿನ ಡಾಕ್ಟರಿಂದ ಹಲ್ಲು ಪಡೆದು ಬೆಳೆಸಿದ್ದು. ಅವರು ಹೇಳಿದ್ದು ನೋಡಿದರೆ ಅಪ್ಪನ ವಸಡು ಹೇಗಿತ್ತೋ ಹಾಗೇ ಇದೆ. ಕರಿ ಚುಕ್ಕಿ ಬಹಳ. ಯಾವ ತಳಿ ಎಂದು ಮೊದಲು ಇದನ್ನೇ ನೋಡಿಸಬೇಕು. ಅವಳಿಗೆ ಈಗಲೇ ಹೇಳಬಾರದು. ಮುಂದಿನ ವರ್ಷ ಐವತ್ತು.'

ಎರಡು ಸಲ ಓದಿದೆ. ಏಳು ವರ್ಷ ಟಗರಿನ ರಕ್ತ ಅಲ್ಲಾಡಿಸಿದ್ದು, ಊರವರ ಬಾಯಿಗೆ ಟಾರ್ಚು ಹಿಡಿದದ್ದು, ಹೈದರಾಬಾದಿಗೆ ಕಾಗದ ಬರೆದದ್ದು. ಎದೆ ಹಿಡಿದುಕೊಂಡು ಬಸ್ಸಿನಲ್ಲಿ "ಮೊದ್ಲು ನೀ" ಎಂದದ್ದು.

ಮುಖ ತೊಳೆದು ಬಂದೆ. ಕೈ ಸೋಪಿನಿಂದ ಉಜ್ಜಿದೆ, ಮೊಣಕೈವರೆಗೆ, ಎರಡು ನಿಮಿಷ. ಅಣ್ಣನ ಜೇಬಿನಿಂದ ಆ ಕಾಗದ ಸುತ್ತಿದ ಕಡ್ಡಿಯನ್ನು ಮೆಲ್ಲಗೆ ತೆಗೆದುಕೊಂಡು, ಗೋಡೆಯ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದೆ. ಕಡ್ಡಿಯನ್ನು ಒಮ್ಮೆ ಎಳೆದೆ.

ಬೆನ್ನ ಹಿಂದಿನಿಂದ ದನಿ ಬಂತು. ಕಣ್ಣು ಮುಚ್ಚಿಯೇ ಇದ್ದ. "ಅಷ್ಟs ಒರಸಿದ್ರ ಏನ್ ಬರತೈತಿ? ಇನ್ನೂ ಒಳಗ. ಮೂರು ಸಲ ಎಳಿಬೇಕು, ತಂಗೆವ್ವ."

ಮೂರು ಸಲ ಎಳೆದೆ. ಸೀಸೆಯಲ್ಲಿಟ್ಟು ಬಿರಡೆ ಹಾಕಿದೆ. ಚೀಟಿ ಅಂಟಿಸಿ, ಏಳು ಎಂದು ಬರೆದೆ. ದಿನಾಂಕ ಹತ್ತು, ಮಂಗಳವಾರ. ವೇಳೆ ಸಂಜೆ ಆರು ಗಂಟೆ ನಲವತ್ತು ನಿಮಿಷ. ಹಾಜರಿದ್ದವರು: ಅಣ್ಣ, ಅತ್ತಿಗೆ, ನಾನು. ಕೆಲಸ ಮುಗಿದಿದೆ.